ಎಳೆಯರ ಸಾಹಸವೂ ಹಿರಿಯರ ಹೊಣೆಯೂ
(ಹಿಮದಲ್ಲಿ ರಾತ್ರಿವಾಸವನ್ನು ಕುರಿತು ಒಂದು ವಿಚಾರ)

೧

ಒಬ್ಬನು ತನ್ನ ಪ್ರಾಣವನ್ನು ತಾನೇ ಪಣವಾಗಿಟ್ಟು ಸಾಹಸಕ್ಕೆ ಹೊರಟರೆ ಅದನ್ನು ಶೌರ್ಯವೆನ್ನಬೇಕೋ ಹುಚ್ಚುತನವೆನ್ನಬೇಕೋ ಎಂಬುದು ಹಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಗೇ ಇರಲಿ, ನಷ್ಟಕ್ಕೆ ಗುರಿಯಾಗತಕ್ಕವನು ಅವನೇ ಆದುದರಿಂದ ಲೋಕವು ಅವನನ್ನು ಅವನ ಪಾಡಿಗೆ ಬಿಟ್ಟೀತು. ಆದರೆ ಒಬ್ಬನು ಇತರರ ಮಕ್ಕಳನ್ನು ಕರೆದುಕೊಂಡು ಅಪಾಯದ ಸ್ಥಳಕ್ಕೆ ಹೋಗುವುದಾದರೆ ಪ್ರಶ್ನೆಯ ಸ್ವರೂಪವೇ ಬೇರೆಯಾಗುತ್ತದೆ. ಅಲ್ಲಿ ಪಣವಾಗಿ ಇಟ್ಟ ವಸ್ತು ಅವನದಲ್ಲ. ಇನ್ನೊಬ್ಬರ ಮನೆಯ ದೀಪ. ಅದನ್ನು ಗಾಳಿಗೆ ಒಯ್ಯುವ ಅಧಿಕಾರ ಅವನಿಗೆ ಎಲ್ಲಿಂದ ಬಂದಿತು? ಬಂದಿತೆಂದು ಒಪ್ಪಿದರೂ ಅದರ ಎಲ್ಲೆ ಯಾವುದು?

ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ಹಿಮದಲ್ಲಿ ರಾತ್ರಿ ಕಳೆಯುವುದಕ್ಕಿಂತ ತಕ್ಕ ಉದಾಹರಣೆ ದೊರೆಯುವುದು ಕಷ್ಟ. ಅಲ್ಲಿ ಸಣ್ಣ ತಪ್ಪಿಗೂ ದೊಡ್ಡ ಬೆಲೆ. ಒಂದು ಒದ್ದೆಯಾದ ಕಾಲುಚೀಲ, ಮರೆತುಬಂದ ಒಂದು ಬೆಂಕಿಪೆಟ್ಟಿಗೆ, ಅರ್ಧ ಗಂಟೆಯ ವಿಳಂಬ, ಇವು ಕೂಡ ಲೆಕ್ಕಕ್ಕೆ ಬರುತ್ತವೆ. ನಮ್ಮ ನಾಡಿನಲ್ಲಿ ಹಿಮ ಬೀಳುವುದಿಲ್ಲ. ಇಬ್ಬನಿಗೂ ಬೆಟ್ಟದ ಮೇಲೆ ಕವಿಯುವ ಮುಸುಕಿಗೂ ಹಿಮಾಲಯದ ಬಿಳುಪಿಗೂ ನಾವು ಮಾತಿನಲ್ಲಿ 'ಮಂಜು' ಎಂಬ ಒಂದೇ ಹೆಸರನ್ನು ಬಳಸಿಬಿಡುತ್ತೇವೆ. ಆ ವಸ್ತುವಿನೊಡನೆ ನಮಗಿರುವ ಪರಿಚಯ ಎಷ್ಟು ಸ್ವಲ್ಪವೆಂಬುದಕ್ಕೆ ಇದೇ ಸಾಕ್ಷಿ.

ಆದರೂ ಇದು ನಮಗೆ ಸಂಬಂಧಿಸದ ವಿಷಯವೆಂದು ವಾಚಕರು ಭಾವಿಸಬಾರದು. ಇಂದಿನ ದಿನಗಳಲ್ಲಿ ಕನ್ನಡನಾಡಿನ ತರುಣ ತರುಣಿಯರು ಗುಂಪುಗುಂಪಾಗಿ ಹಿಮಾಲಯಕ್ಕೆ ಹೋಗಿ ಡೇರೆಗಳಲ್ಲಿ ರಾತ್ರಿ ಕಳೆದು ಬರುತ್ತಿದ್ದಾರೆ. ೨೦೨೪ನೆಯ ಇಸವಿ ಜೂನ್ ತಿಂಗಳ ಮೊದಲ ವಾರದಲ್ಲಿ ಗಢವಾಲದ ಸಹಸ್ರತಾಲದ ಹಾದಿಯಲ್ಲಿ ಕರ್ನಾಟಕದಿಂದ ಹೋಗಿದ್ದ ತಂಡವೊಂದು ಹಿಮದ ಬಿರುಗಾಳಿಗೆ ಸಿಕ್ಕಿ, ಅದರಲ್ಲಿ ಒಂಬತ್ತು ಮಂದಿ ಮಡಿದರು. ಅವರು ಎಳೆಯರಲ್ಲ, ಪ್ರಾಯಪ್ರಬುದ್ಧರು. ಬೆಟ್ಟವನ್ನು ಪ್ರೀತಿಸಿ ಹೋದವರು. ಯಾರಲ್ಲಿ ಏನು ಲೋಪವಿತ್ತೆಂದು ದೂರದಲ್ಲಿ ಕುಳಿತು ತೀರ್ಪು ಹೇಳುವುದು ನಮಗೆ ಉಚಿತವಲ್ಲ. ಆದರೆ ಆ ವಾರ್ತೆ ಬಂದ ದಿನ ನಮ್ಮ ಮನೆಗಳಲ್ಲಿ ತಂದೆತಾಯಿಗಳು ಒಬ್ಬರನ್ನೊಬ್ಬರು ಕೇಳಿಕೊಂಡ ಪ್ರಶ್ನೆ ಒಂದೇ: ನಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸಬಹುದೇ? ಈ ಲೇಖನದ ಪ್ರಯತ್ನ ಆ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡುವುದು.

೨

ಈ ವಿಷಯದಲ್ಲಿ ಎರಡು ಪಕ್ಷಗಳುಂಟು.

ಮೊದಲನೆಯ ಪಕ್ಷದವರು ಹೇಳುವುದೇನೆಂದರೆ: ಎಳೆಯರನ್ನು ಕಾಪಾಡುವುದು ಹಿರಿಯರ ಮೊದಲ ಧರ್ಮ. ಹಿಮದಲ್ಲಿ ಮಲಗುವುದರಿಂದ ಹೊಟ್ಟೆ ತುಂಬುವುದಿಲ್ಲ, ವಿದ್ಯೆ ಬರುವುದಿಲ್ಲ. ದಾರಿಯಲ್ಲಿ ತಾನಾಗಿ ಎದುರಾಗುವ ಕಷ್ಟವೇ ಬಾಳಿನಲ್ಲಿ ಬೇಕಾದಷ್ಟಿರುವಾಗ, ಇಲ್ಲದ ಅಪಾಯವನ್ನು ಹುಡುಕಿಕೊಂಡು ಹೋಗುವುದೇಕೆ?

ಈ ಮಾತಿನಲ್ಲಿ ಪ್ರೀತಿಯಿದೆ. ಆದರೆ ಪೂರ್ಣವಾದ ವಿವೇಕವಿಲ್ಲ. ನಮ್ಮ ಹಳ್ಳಿಗಳಲ್ಲಿ ಬಾವಿಯುಂಟು, ಕೆರೆಯುಂಟು. ಮಗು ನೀರಿನ ಹತ್ತಿರ ಸುಳಿಯಲೇಕೂಡದೆಂದು ಕಟ್ಟುಮಾಡಿದ ತಾಯಿ ಮಗುವಿಗೆ ಎಂಟು ವರ್ಷವಾಗುವ ತನಕ ಅದನ್ನು ಕಾಪಾಡಿಯಾಳು. ಹದಿನೆಂಟನೆಯ ವರ್ಷದಲ್ಲಿ ಗೆಳೆಯರೊಡನೆ ಕೆರೆಗೆ ಹೋದ ಮಗನನ್ನು ಅವಳ ಆಜ್ಞೆ ಕಾಪಾಡಲಾರದು. ಮಗುವಿನ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ, ತಾನೂ ಎದೆಯುದ್ದ ನೀರಿನಲ್ಲಿ ನಿಂತು ಈಜು ಕಲಿಸಿದ ಸೋದರಮಾವನು ಆ ಮಗುವನ್ನು ಬಾಳೆಲ್ಲ ಕಾಪಾಡಿದಂತಾಯಿತು. ಹಿಮದ ವಿಷಯವೂ ಹೀಗೆಯೇ. ಇಂದು ಮನೆಯಲ್ಲಿ ಕೂಡಿಹಾಕಿದ ಹುಡುಗನು ನಾಳೆ ತಾನೇ ಸಂಪಾದಿಸಿದ ಹಣದಲ್ಲಿ, ತನ್ನಷ್ಟೇ ತಿಳಿಯದ ಮಿತ್ರರೊಡನೆ, ಯಾರನ್ನೂ ಕೇಳದೆ ಹೋಗುವನು. ಆಗ ಅವನ ಬೆನ್ನಿಗೆ ಬುರುಡೆಯೂ ಇಲ್ಲ, ನೀರಿನಲ್ಲಿ ನಿಂತ ಮಾವನೂ ಇಲ್ಲ. ದೂರದ ಬೆಟ್ಟ ನುಣ್ಣಗೆಂಬುದನ್ನು ಅವನು ಬೆಟ್ಟದ ಮೇಲೆ ಹೋಗಿ ತಿಳಿಯಬೇಕಾಗುತ್ತದೆ.

ಎರಡನೆಯ ಪಕ್ಷದವರು ಇದಕ್ಕೆ ತೀರ ವಿರುದ್ಧವಾಗಿ ಮಾತನಾಡುವರು. ಕಷ್ಟವೇ ಗುರು; ಚಳಿಯಲ್ಲಿ ನಡುಗಿದವನಿಗೇ ಕಂಬಳಿಯ ಬೆಲೆ ಗೊತ್ತು; ಎಲ್ಲವನ್ನೂ ಮೊದಲೇ ಹೇಳಿಕೊಟ್ಟರೆ ಸಾಹಸವೆಲ್ಲಿ ಉಳಿಯಿತು? ಎಳೆಯರನ್ನು ಬಿಡಿ, ಅವರೇ ಕಲಿತುಕೊಳ್ಳುತ್ತಾರೆ, ಎಂದು ಅವರ ವಾದ. ಈ ಮಾತಿಗೆ ಒಂದು ಗಾಂಭೀರ್ಯವುಂಟು. ತಿತಿಕ್ಷೆಯನ್ನು, ಎಂದರೆ ಶೀತೋಷ್ಣಗಳನ್ನು ಸಹಿಸುವ ಶಕ್ತಿಯನ್ನು, ನಮ್ಮ ಶಾಸ್ತ್ರಗಳು ಸದ್ಗುಣಗಳಲ್ಲಿ ಎಣಿಸಿವೆ. ಬಹುಮಟ್ಟಿನ ಕಷ್ಟಗಳ ವಿಷಯದಲ್ಲಿ ಈ ವಾದವು ಸಲ್ಲುವುದೆಂದು ಒಪ್ಪಬಹುದು. ಬಿದ್ದು ಮಂಡಿ ಕೆತ್ತಿಕೊಂಡ ಮಗು ನಡೆಯುವುದನ್ನು ಕಲಿಯುತ್ತದೆ. ಆದರೆ ಹಿಮದ ಚಳಿಯ ವಿಷಯದಲ್ಲಿ ಇದು ಸಲ್ಲದು. ಏಕೆ ಸಲ್ಲದೆಂಬುದನ್ನು ತಿಳಿಯಬೇಕಾದರೆ ಆ ಚಳಿಯ ಸ್ವಭಾವವನ್ನು ನೋಡಬೇಕು.

೩

ಮನುಷ್ಯದೇಹದ ಒಳಗಿನ ಶಾಖ ಸುಮಾರು ೩೭ ಡಿಗ್ರಿ ಸೆಂಟಿಗ್ರೇಡ್. ಅದು ೩೫ಕ್ಕಿಂತ ಕೆಳಗಿಳಿದರೆ ವೈದ್ಯರು ಅದನ್ನು ರೋಗಾವಸ್ಥೆಯೆಂದೇ ಎಣಿಸುತ್ತಾರೆ. ಎರಡು ಡಿಗ್ರಿಯ ಅಂತರವೆಂದರೆ ಎಷ್ಟು? ನಮ್ಮ ಸ್ನಾನದ ನೀರಿನಲ್ಲಿ ಆ ವ್ಯತ್ಯಾಸವು ಕೈಗೆ ತಿಳಿಯುವುದು ಕೂಡ ಅನುಮಾನ. ದೇಹದೊಳಗಾದರೋ ಅದು ಮನುಷ್ಯನನ್ನೇ ಬದಲಾಯಿಸಿಬಿಡುತ್ತದೆ. ಮೊದಲು ಮೈ ನಡುಗುತ್ತದೆ. ಬಳಿಕ ಬೆರಳುಗಳು ಗುಂಡಿಯನ್ನು ಹಾಕಲಾರವು. ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ಅದಕ್ಕಿಂತಲೂ ಭಯಂಕರವಾದದ್ದು, ಮನಸ್ಸಿನಲ್ಲಿ ಒಂದು ಬಗೆಯ ಉದಾಸೀನತೆ ತುಂಬಿಕೊಳ್ಳುತ್ತದೆ. "ಸ್ವಲ್ಪ ಇಲ್ಲೇ ಕುಳಿತಿರುತ್ತೇನೆ, ನೀವು ನಡೆಯಿರಿ" ಎಂಬ ಮಾತು ಬಾಯಿಂದ ಬರುತ್ತದೆ. ಇನ್ನೂ ಮುಂದಕ್ಕೆ ಹೋದರೆ ನಡುಕವು ನಿಂತೇ ಹೋಗುತ್ತದೆ. ಕೆಲವರು ಮೈ ಸುಡುತ್ತಿದೆಯೆಂದು ಭ್ರಮಿಸಿ ಉಟ್ಟ ಬಟ್ಟೆಯನ್ನು ತಾವೇ ಕಿತ್ತೆಸೆಯುವುದೂ ಉಂಟು.

ಇದರಿಂದ ತಿಳಿಯುವುದೇನು? ಬೆಂಕಿ ಸುಟ್ಟರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ. ಹಸಿವಾದವನು ಅನ್ನವನ್ನು ಹುಡುಕುತ್ತಾನೆ. ಇತರ ಕಷ್ಟಗಳು ನಮ್ಮ ದೇಹವನ್ನು ಬಾಧಿಸುತ್ತ ಬುದ್ಧಿಯನ್ನು ಎಚ್ಚರಿಸುತ್ತವೆ. ಶೀತವು ಕಳ್ಳನಂತೆ ಬಂದು ಮೊದಲು ಕಾವಲುಗಾರನನ್ನೇ ಮಲಗಿಸುತ್ತದೆ. ಯಾವ ವಿವೇಕದಿಂದ ತನ್ನ ಅಪಾಯವನ್ನು ತಿಳಿಯಬೇಕೋ ಆ ವಿವೇಕವೇ ಅಪಾಯದ ಮೊದಲ ತುತ್ತಾಗುವುದು. ಆದಕಾರಣ "ಅವರೇ ಕಲಿತುಕೊಳ್ಳುತ್ತಾರೆ" ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಕಲಿಯುವ ಶಕ್ತಿಯು ಪಾಠ ಮುಗಿಯುವುದಕ್ಕೆ ಮುಂಚೆಯೇ ಆರಿಹೋಗಿರುತ್ತದೆ. ಅಟ್ಟ ಮೇಲೆ ಒಲೆ ಉರಿಯಿತೆಂಬ ಗಾದೆಯಲ್ಲಿ ಒಲೆಯಾದರೂ ಉರಿಯುತ್ತದೆ; ಇಲ್ಲಿ ಅದೂ ಇಲ್ಲ.

ಇದರಿಂದ ಎರಡು ನಿಯಮಗಳು ತಾವಾಗಿ ಹೊರಡುತ್ತವೆ. ಒಂದು: ಹಿಮದಲ್ಲಿ ಮಾಡಬೇಕಾದ ಆಲೋಚನೆಯನ್ನೆಲ್ಲ ಹಿಮಕ್ಕೆ ಹೋಗುವ ಮುಂಚೆಯೇ ಮಾಡಿ ಮುಗಿಸಿ, ಅದನ್ನು ಕೈಗಳ ಅಭ್ಯಾಸವಾಗಿ ಪರಿಣಮಿಸುವಂತೆ ಮಾಡಿರಬೇಕು. ಎರಡು: ಅಲ್ಲಿ ಯಾರೂ ತನ್ನ ಸ್ಥಿತಿಗೆ ತಾನೇ ನ್ಯಾಯಾಧಿಪತಿಯಾಗಕೂಡದು, ಒಬ್ಬನ ಮುಖವನ್ನು ಇನ್ನೊಬ್ಬನು ನೋಡುತ್ತಿರಬೇಕು. ಹಿಮಶಿಬಿರಗಳಲ್ಲಿ ಮಕ್ಕಳನ್ನು ಜೋಡಿಜೋಡಿಯಾಗಿ ಇರಿಸಿ, ಗಂಟೆಗೊಮ್ಮೆ ಪರಸ್ಪರರ ಮೂಗು, ಕೆನ್ನೆ, ಬೆರಳುಗಳನ್ನು ನೋಡಿಕೊಳ್ಳುವಂತೆ ಹೇಳುವುದು ಈ ಕಾರಣದಿಂದಲೇ. ತನ್ನ ಕೆನ್ನೆ ಬಿಳಿಚಿಕೊಂಡದ್ದು ತನಗೆ ಕಾಣುವುದಿಲ್ಲ. ಇದು ಬಾಳಿನ ಬೇರೆ ವಿಷಯಗಳಲ್ಲಿಯೂ ನಿಜವಾದರೂ, ಹಿಮವು ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಡುತ್ತದೆ.

೪

ಹಾಗಾದರೆ ಸಿದ್ಧತೆಯೆಂದರೆ ಏನು? ಬಾಲಚರರ ಧ್ಯೇಯವಾಕ್ಯವು ಸಿದ್ಧನಾಗಿರು ಎಂಬುದೇ ಆಗಿದೆ. ಆದರೆ ಆ ಮಾತನ್ನು ಘೋಷಿಸುವುದು ಸುಲಭ, ತುಂಬುವುದು ಕಷ್ಟ. ಅಂಗಡಿಯಲ್ಲಿ ಬೆಲೆಬಾಳುವ ಅಂಗಿಯನ್ನೂ ಬೂಟನ್ನೂ ಕೊಂಡುಕೊಳ್ಳುವುದೇ ಸಿದ್ಧತೆಯೆಂದು ಹಲವರು ತಿಳಿದಿದ್ದಾರೆ. ಒಡವೆಯಿಂದ ಭಾಗಶಃ ಮಾತ್ರ ಸಿದ್ಧತೆಯಾಗುತ್ತದೆ. ಉಳಿದುದು ಕಾರಣಗಳ ತಿಳಿವಳಿಕೆ.

ಉದಾಹರಣೆಗೆ ಬೆವರನ್ನು ತೆಗೆದುಕೊಳ್ಳೋಣ. ಹಿಮದಲ್ಲಿ ಶತ್ರುವು ಚಳಿಯೆಂದು ಎಲ್ಲರೂ ಬಲ್ಲರು. ಒದ್ದೆಯೇ ಅದರ ಸೇನಾಪತಿಯೆಂಬುದನ್ನು ಕೆಲವರೇ ಬಲ್ಲರು. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಮೈಯ ಶಾಖವನ್ನು ಒಯ್ಯುತ್ತದೆ. ಹತ್ತಿಯ ಬಟ್ಟೆ ಒದ್ದೆಯಾದರೆ ಬೆಚ್ಚಗಿಡುವ ಗುಣವನ್ನು ಕಳೆದುಕೊಳ್ಳುತ್ತದೆ. ಉಣ್ಣೆಯು ಒದ್ದೆಯಾದರೂ ಸ್ವಲ್ಪ ಉಳಿಸಿಕೊಳ್ಳುತ್ತದೆ. ನಮ್ಮ ಕುರುಬರ ಕಂಬಳಿ ಮಳೆಗಾಲದಲ್ಲಿ ತೋರಿಸುವ ಮಹಿಮೆ ಇದೇ. ಆದುದರಿಂದ ಉತ್ಸಾಹದಿಂದ ಓಡುತ್ತ ಬೆಟ್ಟ ಹತ್ತಿ ಬೆವತ ಹುಡುಗನು ಸಾಯಂಕಾಲ ನಿಂತೊಡನೆ ತನ್ನ ಬೆವರಿನಿಂದಲೇ ಹೆಪ್ಪುಗಟ್ಟುವನು. ಬೆವರುವುದಕ್ಕೆ ಮೊದಲೇ ಒಂದು ಅಂಗಿಯನ್ನು ಕಳಚುವುದು, ನಿಲ್ಲುವುದಕ್ಕೆ ಮೊದಲೇ ಅದನ್ನು ತೊಡುವುದು, ಮಲಗುವಾಗ ಹಗಲಿನ ಕಾಲುಚೀಲಗಳನ್ನು ತೆಗೆದು ಒಣಗಿದವನ್ನು ಹಾಕುವುದು, ಇವೆಲ್ಲ ಒಂದೇ ಕಾರಣದ ಕೊಂಬೆಗಳು. ಕಾರಣವನ್ನು ತಿಳಿದ ಹುಡುಗನಿಗೆ ನಿಯಮಗಳನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಹಾಗೆಯೇ ನೀರು. ಸುತ್ತಲೂ ಹಿಮವಿರಲು ಬಾಯಾರಿಕೆಗೆ ಭಯವೇನು ಎಂದು ತೋರುವುದು ಸಹಜ. ಆದರೆ ಹಿಮವನ್ನು ಬರಿದೇ ಕರಗಿಸುವುದಕ್ಕೆ, ಅಷ್ಟೇ ತೂಕದ ನೀರನ್ನು ಸೊನ್ನೆಯಿಂದ ೮೦ ಡಿಗ್ರಿಗೆ ಕಾಯಿಸುವಷ್ಟು ಶಾಖ ಬೇಕು. ಹಿಮವನ್ನು ತಿನ್ನುವವನು ಆ ಶಾಖವನ್ನೆಲ್ಲ ತನ್ನ ಮೈಯಿಂದಲೇ ಕೊಡಬೇಕಾಗುತ್ತದೆ. ಆದುದರಿಂದ ಸ್ಟೌವಿನ ಮೇಲೆ ಕರಗಿಸಿ ಕುಡಿಯಬೇಕು. ರಾತ್ರಿ ಇಡುವ ನೀರಿನ ಸೀಸೆಯನ್ನು ತಲೆಕೆಳಗಾಗಿ ಇಡುತ್ತಾರೆ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಬಾಯಿಯ ಕಡೆ ನೀರಾಗಿಯೇ ಉಳಿಯುತ್ತದೆ. ಮಲಗುವವನ ಮೇಲೆ ಎಷ್ಟು ಹೊದಿಕೆಯೋ ಕೆಳಗೂ ಅಷ್ಟು ಹಾಸಿಕೆ ಬೇಕು. ಮೈಯ ಭಾರಕ್ಕೆ ಸಿಕ್ಕಿ ಚಪ್ಪಟೆಯಾದ ಹೊದಿಕೆಯಲ್ಲಿ ಗಾಳಿಯಿಲ್ಲ, ಗಾಳಿಯಿಲ್ಲದುದರಲ್ಲಿ ಬೆಚ್ಚಗಿಲ್ಲ.

ಇನ್ನು ಹಿಮದ ಗುಹೆಯ ವಿಷಯ. ಹಿಮವೇ ಹಿಮದಿಂದ ಕಾಪಾಡುವುದೆಂಬುದು ಕೇಳುವುದಕ್ಕೆ ವಿಚಿತ್ರ. ಆದರೆ ಹೊಸ ಹಿಮದಲ್ಲಿ ಬಹುಭಾಗ ಗಾಳಿಯೇ ಇರುವುದರಿಂದ ಅದು ಕಂಬಳಿಯಂತೆ ಶಾಖವನ್ನು ತಡೆಯುತ್ತದೆ. ಹೊರಗೆ ಸೊನ್ನೆಗಿಂತ ೨೦ ಡಿಗ್ರಿ ಕೆಳಗಿರುವಾಗಲೂ ಚೆನ್ನಾಗಿ ತೋಡಿದ ಗುಹೆಯೊಳಗೆ ಸೊನ್ನೆಯ ಸಮೀಪದಲ್ಲಿಯೇ ಇರುತ್ತದೆ. ತಣ್ಣನೆಯ ಗಾಳಿಯು ತಗ್ಗಿಗೆ ಇಳಿಯುವುದರಿಂದ ಬಾಗಿಲು ಕೆಳಗೂ ಮಲಗುವ ಜಗಲಿ ಮೇಲೂ ಇರಬೇಕು. ಮಾಡಿನಲ್ಲಿ ಒಂದು ರಂಧ್ರವಿರಬೇಕು. ಅದು ಮುಚ್ಚಿಹೋಗದಂತೆ ರಾತ್ರಿಯಲ್ಲಿ ಎದ್ದು ಕೋಲಿನಿಂದ ತಿವಿಯುತ್ತಿರಬೇಕು. ಬೆಚ್ಚಗಾಗಲೆಂದು ರಂಧ್ರವನ್ನು ಮುಚ್ಚಿ ಒಳಗೆ ಒಲೆ ಹಚ್ಚಿದವರನ್ನು ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲವು ನಿದ್ದೆಯಲ್ಲಿಯೇ ಕೊಂದಿರುವುದುಂಟು. ಹಿತವೆಂದು ತೋರುವುದೆಲ್ಲ ಹಿತವಲ್ಲವೆಂಬ ಹಳೆಯ ಪಾಠ ಇಲ್ಲಿ ಎಷ್ಟು ಸ್ಪಷ್ಟವಾಗಿದೆ!

ಇಷ್ಟನ್ನೂ ಒಂದೇ ದಿನದಲ್ಲಿ ಬೆಟ್ಟದ ತುದಿಯಲ್ಲಿ ಹೇಳಿಕೊಡತಕ್ಕದ್ದಲ್ಲ. ಕ್ರಮವುಂಟು. ಮೊದಲು ಶಾಲೆಯ ಅಂಗಳದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಡೇರೆ ಹೂಡುವುದನ್ನು ಕಲಿಯಬೇಕು. ಕತ್ತಲಲ್ಲಿ ಗಾಳಿಯಲ್ಲಿ ಅದನ್ನೇ ಮಾಡಬೇಕಾಗಿರುವುದರಿಂದ. ಆಮೇಲೆ ಹಿಮವಿರುವ ಊರಿನ ಮನೆಯೊಂದರ ಬಾಗಿಲ ಮುಂದೆಯೇ ಒಂದು ರಾತ್ರಿ ಮಲಗಬೇಕು. ತಡೆಯಲಾರದವನು ಯಾವ ಹೊತ್ತಿನಲ್ಲಾದರೂ ಎದ್ದು ಒಳಗೆ ಬರಬಹುದು. ಆಮೇಲೆ ಒಂದು ಗಂಟೆಯ ದೂರ. ಕೊನೆಗೆ ಒಂದು ದಿನದ ದೂರ. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಹಿಂತಿರುಗುವ ದಾರಿ ತೆರೆದಿರಬೇಕು. ಸೋರೆಬುರುಡೆಯನ್ನು ಬಿಚ್ಚುವ ಸಮಯವನ್ನು ಮಗುವಿನ ಈಜು ನಿರ್ಣಯಿಸುತ್ತದೆಯೇ ಹೊರತು ಮಾವನ ಆತುರವಲ್ಲ.

೫

ಕಾರಣಗಳನ್ನು ಬಿಟ್ಟು ಚರಿತ್ರೆಗೆ ಬರೋಣ. ಎರಡು ಪ್ರಸಂಗಗಳು ಈ ವಿಷಯದಲ್ಲಿ ಸ್ಮರಣೀಯವಾಗಿವೆ.

ಮೊದಲನೆಯದು ಜಪಾನ್ ದೇಶದ್ದು. ೧೯೦೨ನೆಯ ಇಸವಿ ಜನವರಿಯಲ್ಲಿ ರಷ್ಯದೊಡನೆ ಯುದ್ಧವಾಗಬಹುದೆಂಬ ನಿರೀಕ್ಷೆಯಿಂದ, ಸೈನಿಕರನ್ನು ಹಿಮದಲ್ಲಿ ನಡೆಸುವ ಅಭ್ಯಾಸಕ್ಕಾಗಿ, ಅವೊಮೊರಿ ಪಟ್ಟಣದಿಂದ ೨೧೦ ಮಂದಿಯ ಒಂದು ಪಡೆ ಹಕ್ಕೋಡ ಪರ್ವತದ ಕಡೆಗೆ ಹೊರಟಿತು. ದಾರಿಯ ಹಳ್ಳಿಯವರು ಹವೆಯನ್ನು ನೋಡಿ, ಹೋಗುವುದು ಬೇಡವೆಂದರು. ಹೋಗಲೇಬೇಕಾದರೆ ದಾರಿ ತೋರಿಸುವವರನ್ನು ಕರೆದುಕೊಂಡು ಹೋಗಿರೆಂದರು. ಭೂಪಟವೂ ದಿಕ್ಸೂಚಿಯೂ ಇವೆಯೆಂದು ಅಧಿಕಾರಿಗಳು ಆ ಮಾತನ್ನು ಕೇಳಲಿಲ್ಲ. ಬಿರುಗಾಳಿಯಲ್ಲಿ ದಾರಿ ತಪ್ಪಿತು. ೨೧೦ ಮಂದಿಯಲ್ಲಿ ೧೯೯ ಮಂದಿ ಸತ್ತರು. ಅದೇ ದಿನಗಳಲ್ಲಿಯೇ ಹಿರೋಸಾಕಿಯಿಂದ ಹೊರಟ ಇನ್ನೊಂದು ಪಡೆ, ನಾಲ್ವತ್ತಕ್ಕೂ ಕಡಿಮೆ ಮಂದಿಯದು, ಅದಕ್ಕಿಂತ ಬಹಳ ಉದ್ದವಾದ ದಾರಿಯನ್ನು ನಡೆದು, ಊರೂರಿನಲ್ಲಿ ದಾರಿ ಬಲ್ಲವರ ಸಹಾಯ ಪಡೆದು, ಒಬ್ಬನನ್ನೂ ಕಳೆದುಕೊಳ್ಳದೆ ಹಿಂತಿರುಗಿತು. ಎರಡು ಪಡೆಗಳ ಶೌರ್ಯದಲ್ಲಿ ವ್ಯತ್ಯಾಸವಿತ್ತೆಂದು ಯಾರೂ ಹೇಳಲಾರರು. ಸತ್ತವರೂ ಆಜ್ಞೆಯನ್ನು ಪಾಲಿಸಿಯೇ ಸತ್ತರು. ಆ ಸ್ಥಳವನ್ನು ಬಲ್ಲವನ ಮುಂದೆ ತಲೆಬಾಗುವ ವಿನಯದಲ್ಲಿ ವ್ಯತ್ಯಾಸವಿತ್ತು.

ಎರಡನೆಯದು ನಮ್ಮ ಪ್ರಶ್ನೆಗೆ ಇನ್ನೂ ಸಮೀಪವಾದದ್ದು. ೧೯೭೧ನೆಯ ಇಸವಿ ನವೆಂಬರ್ ತಿಂಗಳಲ್ಲಿ ಎಡಿನ್‌ಬರೋ ನಗರದ ಒಂದು ಶಾಲೆಯ ಮಕ್ಕಳು ಸ್ಕಾಟ್ಲೆಂಡಿನ ಕೆರ್ನ್‌ಗಾರ್ಮ್ ಪ್ರಸ್ಥಭೂಮಿಯ ಮೇಲೆ ಎರಡು ಗುಂಪುಗಳಾಗಿ ಹೊರಟರು. ಬಿರುಗಾಳಿ ಬೀಸಿತು. ಹೆಚ್ಚು ಅನುಭವವಿದ್ದ ಮೊದಲನೆಯ ಗುಂಪು ಮೇಲಿದ್ದ ಕರನ್ ಎಂಬ ಸಣ್ಣ ಆಶ್ರಯಗೃಹವನ್ನು ಸೇರಿಕೊಂಡಿತು. ಎರಡನೆಯ ಗುಂಪಿನಲ್ಲಿ ಆರು ಮಂದಿ ವಿದ್ಯಾರ್ಥಿಗಳು; ಅವರನ್ನು ನಡೆಸುತ್ತಿದ್ದವಳು ಇಪ್ಪತ್ತರ ಆಸುಪಾಸಿನ ಒಬ್ಬ ತರುಣಿ, ಅವಳಿಗೆ ಸಹಾಯಕಳಾಗಿ ಹದಿನೆಂಟು ವರ್ಷದ ಇನ್ನೊಬ್ಬಳು. ಅವರು ಆಶ್ರಯವನ್ನು ಮುಟ್ಟಲಾರದೆ ಬಯಲಿನಲ್ಲಿಯೇ ಹಿಮದ ನಡುವೆ ಎರಡು ರಾತ್ರಿ ಕಳೆಯಬೇಕಾಯಿತು. ಐವರು ವಿದ್ಯಾರ್ಥಿಗಳೂ ಆ ಹದಿನೆಂಟು ವರ್ಷದವಳೂ ಮಡಿದರು. ನಾಯಕಿಯು ಸಹಾಯ ತರುವುದಕ್ಕಾಗಿ ತೆವಳಿಕೊಂಡು ಹೋಗುತ್ತಿದ್ದಾಗ ಹೆಲಿಕಾಪ್ಟರಿನವರ ಕಣ್ಣಿಗೆ ಬಿದ್ದಳು. ಅವಳಲ್ಲದೆ ಬದುಕಿದವನು ಒಬ್ಬ ಹುಡುಗನು ಮಾತ್ರ. ಮರುವರ್ಷ ಫೆಬ್ರವರಿಯಲ್ಲಿ ವಿಚಾರಣೆ ನಡೆಯಿತು. ಮಕ್ಕಳನ್ನು ಬೆಟ್ಟಕ್ಕೆ ಒಯ್ಯುವವರಿಗೆ ಎಂತಹ ಶಿಕ್ಷಣವಿರಬೇಕೆಂಬ ವಿಷಯದಲ್ಲಿ ಬ್ರಿಟನ್ನಿನಲ್ಲಿ ನಿಯಮಗಳು ಬಿಗಿಯಾದುದು ಈ ದುರಂತದಿಂದ.

ಈ ಕಥೆಯನ್ನು ಕೇಳಿದವರ ಮನಸ್ಸು ಆ ತರುಣಿಯನ್ನು ದೂಷಿಸುವುದಕ್ಕೆ ಹಿಂಜರಿಯುತ್ತದೆ, ಹಿಂಜರಿಯುವುದು ನ್ಯಾಯವೇ. ತೆವಳಿಕೊಂಡು ಹೋದವಳಲ್ಲಿ ಧೈರ್ಯಕ್ಕೆ ಕೊರತೆಯೇನೂ ಇರಲಿಲ್ಲ. ಇಲ್ಲಿ ನಾವು ಕೇಳಬೇಕಾದ ಪ್ರಶ್ನೆ ಬೇರೆ: ತಾವೇ ಇನ್ನೂ ಎಳೆಯರಾದವರ ಹೆಗಲಿಗೆ ಎಳೆಯರ ಪ್ರಾಣವನ್ನು ಹೊರಿಸುವ ವ್ಯವಸ್ಥೆ ಸರಿಯೇ? ಹೊಣೆಯೆಂಬುದು ಮೆಟ್ಟಿಲುಮೆಟ್ಟಿಲಾಗಿ ಮೇಲಕ್ಕೆ ಹೋಗತಕ್ಕದ್ದು. ಬೆಟ್ಟದ ಮೇಲಿರುವವನು ಅಂದಿನ ಹೆಜ್ಜೆಗೆ ಹೊಣೆಗಾರ. ಅವನನ್ನು ಕಳುಹಿಸಿದವರು ಅವನ ಯೋಗ್ಯತೆಗೆ ಹೊಣೆಗಾರರು. ಅಂತಹ ಯಾತ್ರೆಗಳನ್ನು ಹೊಗಳಿ ನಡೆಸುವ ಸಮಾಜವು ಅವುಗಳ ಕ್ರಮಕ್ಕೆ ಹೊಣೆ. ದುರಂತವಾದಾಗ ಈ ಮೆಟ್ಟಿಲುಗಳಲ್ಲಿ ತೀರ ಕೆಳಗಿನದನ್ನು ಮಾತ್ರ ನೋಡುವುದು ಸುಲಭ; ಅಲ್ಲಿ ನಿಂತವನ ಮುಖ ಕಾಣುತ್ತದೆ, ಮೇಲಿನವರದು ಕಾಣುವುದಿಲ್ಲ.

೬

ಆ ದುರಂತದಿಂದ ಇನ್ನೊಂದು ವಿವಾದವೂ ಹುಟ್ಟಿತು. ಮೇಲಿನ ಆಶ್ರಯಗೃಹಗಳನ್ನು ಉಳಿಸಬೇಕೇ ಕೆಡವಬೇಕೇ ಎಂದು ಜನ ವಾದಿಸಿದರು. ಅಂತಹ ಗೃಹವೊಂದಿದೆಯೆಂಬ ನೆಚ್ಚಿಕೆಯೇ ಅನುಭವವಿಲ್ಲದವರನ್ನು ಬಿರುಗಾಳಿಯಲ್ಲಿಯೂ ಮೇಲಕ್ಕೆ ಎಳೆಯುತ್ತದೆ; ಹಿಮದಲ್ಲಿ ಹೂತುಹೋದ ಗೃಹವನ್ನು ಹುಡುಕುತ್ತ ಅವರು ಸಾಯುತ್ತಾರೆ ಎಂದು ಒಂದು ಪಕ್ಷ. ಆ ರಾತ್ರಿಯೇ ಒಂದು ಗುಂಪು ಬದುಕಿದ್ದು ಆ ಗೃಹದಿಂದಲ್ಲವೇ ಎಂದು ಇನ್ನೊಂದು ಪಕ್ಷ. ಕೊನೆಗೆ ೧೯೭೫ರಲ್ಲಿ ಕರನ್ ಗೃಹವನ್ನು ತೆಗೆದುಹಾಕಿದರು.

ಯಾವ ಪಕ್ಷ ಸರಿಯೆಂದು ಇಲ್ಲಿ ನಿರ್ಣಯಿಸಬೇಕಾಗಿಲ್ಲ. ಇದರಿಂದ ತೋರುವ ತತ್ತ್ವವು ಗಮನಾರ್ಹ. ರಕ್ಷಣೆಯ ಸಾಧನವೇ ಅಪಾಯಕ್ಕೆ ಆಮಂತ್ರಣವಾಗುವುದುಂಟು. ಬೆಲೆಬಾಳುವ ಮಲಗುಚೀಲ, ಕೈಯಲ್ಲಿರುವ ದೂರವಾಣಿ, ಬೇಕೆಂದಾಗ ಹಾರಿಬರುವ ವಿಮಾನ, ಇವು ಮನುಷ್ಯನನ್ನು ಕಾಪಾಡುತ್ತವೆ. ಜೊತೆಗೆ, ಇವಿಲ್ಲದಿದ್ದರೆ ಅವನು ಇಡದಿದ್ದ ಹೆಜ್ಜೆಯನ್ನು ಇಡುವಂತೆಯೂ ಮಾಡುತ್ತವೆ. ಆದುದರಿಂದ ಸಿದ್ಧತೆಯ ಅಳತೆಯನ್ನು ಹೊತ್ತುಕೊಂಡು ಹೋದ ವಸ್ತುಗಳಿಂದ ಮಾಡಲಾಗದು. ಯಾವ ಸ್ಥಿತಿಯಲ್ಲಿ ನಾವು ಮುಂದಕ್ಕೆ ಹೋಗುವುದಿಲ್ಲವೆಂದು ಮನೆಯಲ್ಲಿಯೇ ನಿಶ್ಚಯಿಸಿದ್ದೇವೆ ಎಂಬುದೇ ನಿಜವಾದ ಅಳತೆ.

ನಾರ್ವೆ ದೇಶದಲ್ಲಿ ೧೯೬೭ರ ಈಸ್ಟರ್ ರಜೆಯಲ್ಲಿ ಹದಿನೆಂಟು ಮಂದಿ ಬೆಟ್ಟಗಳಲ್ಲಿ ಸತ್ತ ತರುವಾಯ, ಪರ್ವತದಲ್ಲಿ ನಡೆದುಕೊಳ್ಳಬೇಕಾದ ಒಂಬತ್ತು ನಿಯಮಗಳನ್ನು ಮನೆಮನೆಗೂ ಮುಟ್ಟಿಸಿದರು. ಅವುಗಳಲ್ಲಿ ಅಲ್ಲಿನ ಮಕ್ಕಳಿಗೆಲ್ಲ ತಿಳಿದಿರುವ ಒಂದು ನಿಯಮದ ತಾತ್ಪರ್ಯ, ಕಾಲ ಮೀರುವ ಮೊದಲು ಹಿಂತಿರುಗು, ಅದರಲ್ಲಿ ಅವಮಾನವೇನೂ ಇಲ್ಲ ಎಂಬುದು. ಒಂದು ಜನಾಂಗವು ನಾಚಿಕೆಯನ್ನು ಕುರಿತು ನಿಯಮ ಮಾಡಿತೆಂಬುದು ಅರ್ಥಗರ್ಭಿತವಾಗಿದೆ. ಚಳಿಗಿಂತಲೂ ನಾಚಿಕೆಯು ಹೆಚ್ಚು ಜನರನ್ನು ಮುಂದಕ್ಕೆ ತಳ್ಳುತ್ತದೆಯೆಂದು ಅವರು ಕಂಡುಕೊಂಡಿದ್ದರು.

೭

ಈ ನಾಚಿಕೆಯ ವಿಷಯವು ಎಳೆಯರಲ್ಲಿ ಬಹಳ ಸೂಕ್ಷ್ಮ. "ಹುಡುಗರೇ ಒಪ್ಪಿ ಬಂದರು, ತಂದೆತಾಯಿಗಳೂ ಸಹಿ ಹಾಕಿಕೊಟ್ಟರು, ಇನ್ನು ನನ್ನ ಹೊಣೆಯೇನು?" ಎಂದು ಕೆಲವು ನಾಯಕರು ಹೇಳುವುದುಂಟು. ಒಪ್ಪಿಗೆಯೆಂಬುದು ಒಪ್ಪಿಕೊಂಡ ವಸ್ತುವಿನ ಜ್ಞಾನವಿದ್ದಾಗ ಮಾತ್ರ ಒಪ್ಪಿಗೆ. ಹಿಮವನ್ನೇ ಕಾಣದ ಹದಿನೈದು ವರ್ಷದ ಹುಡುಗಿ ಹಿಮರಾತ್ರಿಗೆ ಒಪ್ಪುವುದೆಂದರೆ ಚಿತ್ರಪಟಕ್ಕೆ ಒಪ್ಪಿದಂತೆ. ತಂದೆಯ ಸಹಿಯೂ ಅಷ್ಟೆ. ಆ ರಾತ್ರಿ ಏನೇನಾಗಬಹುದೆಂಬುದನ್ನು ಅವನಿಗೆ ಮರೆಮಾಚದೆ ಹೇಳಿದ್ದರೆ ಅದು ಸಹಿ. ಇಲ್ಲದಿದ್ದರೆ ಬರಿಯ ಶಾಯಿ.

ಅದಲ್ಲದೆ, ಗುಂಪಿನ ನಡುವೆ ಇರುವ ಹುಡುಗನು ತನಗೆ ಚಳಿಯಾಗುತ್ತಿದೆಯೆಂದು ಹೇಳಲಾರನು. ಕಾಲ್ಬೆರಳುಗಳ ಸ್ಪರ್ಶ ಹೋಗಿದೆಯೆಂದು ಅವನಿಗೆ ಗೊತ್ತಿದ್ದರೂ, ಗೆಳೆಯರು ನಕ್ಕಾರೆಂದು ಸುಮ್ಮನಿರುವನು. ಇಂತಹ ಮೌನವನ್ನು ಶೌರ್ಯವೆಂದು ಹೊಗಳುವ ನಾಯಕನು ಆ ಹುಡುಗನ ಬೆರಳುಗಳನ್ನು ತಾನೇ ಕತ್ತರಿಸಿದಂತೆ. ಒಳ್ಳೆಯ ನಾಯಕನ ಮೊದಲ ಕೆಲಸ, "ನನಗೆ ಚಳಿಯಾಗುತ್ತಿದೆ" ಎಂಬ ಮಾತನ್ನು ಎಲ್ಲರೂ ಎಲ್ಲರ ಮುಂದೆ ಹೇಳುವಂತಹ ಮಾತನ್ನಾಗಿ ಮಾಡುವುದು. ಅದಕ್ಕೆ ಉಪಾಯವೂ ಸರಳ: ಅವನೇ ಮೊದಲು ಹೇಳಬೇಕು. "ನನ್ನ ಕೈ ಮರಗಟ್ಟುತ್ತಿದೆ, ನಿಲ್ಲೋಣ" ಎಂದು ಹಿರಿಯನು ಹೇಳಿದ ಗುಂಪಿನಲ್ಲಿ ಕಿರಿಯನು ಬಾಯಿ ತೆರೆಯುವನು. ಧೈರ್ಯವೆಂದರೆ ಏನೆಂಬ ಎಳೆಯರ ಕಲ್ಪನೆ ಹೀಗೆ ಒಂದೇ ರಾತ್ರಿಯಲ್ಲಿ ತಿದ್ದಿಕೊಳ್ಳಬಹುದು. ಹಿಮಶಿಬಿರದ ಅತ್ಯುತ್ತಮ ಪ್ರಯೋಜನ ಇದೆಂದು ಹೇಳಿದರೆ ಅತಿಶಯೋಕ್ತಿಯಾಗದು. ತನ್ನ ದುರ್ಬಲತೆಯನ್ನು ಸಕಾಲದಲ್ಲಿ ಹೇಳಿಕೊಳ್ಳುವುದನ್ನೂ ಇನ್ನೊಬ್ಬನ ದುರ್ಬಲತೆಯನ್ನು ನಗದೆ ಕೇಳುವುದನ್ನೂ ಕಲಿತವರು ಬಯಲುನಾಡಿಗೆ ಇಳಿದ ಮೇಲೂ ಅದನ್ನು ಮರೆಯುವುದಿಲ್ಲ.

೮

ಇನ್ನು ಉಳಿದ ಆಕ್ಷೇಪ ಒಂದು, ಅದೇ ಕಠಿಣವಾದದ್ದು. ಇಷ್ಟೆಲ್ಲ ಸಿದ್ಧತೆ ಮಾಡಿದರೂ ಮೃತ್ಯು ಬರುವುದಿಲ್ಲವೇ? ಬರುತ್ತದೆ. ೨೦೨೨ನೆಯ ಇಸವಿ ಅಕ್ಟೋಬರ್ ೪ರಂದು ಗಢವಾಲದ 'ದ್ರೌಪದೀ ಕಾ ಡಾಂಡಾ' ಶಿಖರದ ಮೇಲೆ ಹಿಮಪಾತವಾಗಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಶಿಕ್ಷಾರ್ಥಿಗಳೂ ಶಿಕ್ಷಕರೂ ಸೇರಿ ೨೯ ಮಂದಿ ಗತಿಸಿದರು. ಅವರಲ್ಲಿ ನಮ್ಮ ನಾಡಿನವರೂ ಇದ್ದರು. ಅವರು ಕಲಿಯುವುದಕ್ಕೆಂದೇ ಹೋದವರು. ಕಲಿಸುವುದಕ್ಕೆಂದೇ ೧೯೬೫ರಲ್ಲಿ ಸ್ಥಾಪಿತವಾದ ಸಂಸ್ಥೆ ಅದು. ಹೀಗಿರಲಾಗಿ ಸಿದ್ಧತೆಯ ಮಾತಿಗೆ ಅರ್ಥವೇನು?

ಈ ಆಕ್ಷೇಪದೊಳಗೆ ಒಂದು ಗ್ರಹಿಕೆ ಅಡಗಿದೆ: ಫಲ ಒಳ್ಳೆಯದಾದರೆ ನಡತೆ ಸರಿ, ಫಲ ಕೆಟ್ಟರೆ ನಡತೆ ತಪ್ಪು, ಎಂದು. ಲೋಕವು ಸಾಮಾನ್ಯವಾಗಿ ಹೀಗೆಯೇ ತೂಗುತ್ತದೆ. ಒಬ್ಬ ನಾಯಕನು ಇಪ್ಪತ್ತು ಮಕ್ಕಳನ್ನು ಯಾವ ಅಭ್ಯಾಸವೂ ಇಲ್ಲದೆ, ಹತ್ತಿಯ ಅಂಗಿಗಳಲ್ಲಿ, ಹವೆಯನ್ನು ವಿಚಾರಿಸದೆ ಹಿಮಕ್ಕೆ ಒಯ್ದನೆನ್ನೋಣ. ಆಕಾಶ ತಿಳಿಯಾಗಿತ್ತು, ಗಾಳಿ ಏಳಲಿಲ್ಲ, ಮಕ್ಕಳೆಲ್ಲ ನಗುತ್ತ ಹಿಂತಿರುಗಿದರು. ಊರಿನವರು ಅವನಿಗೆ ಹಾರ ಹಾಕುವರು. ಆ ಮಕ್ಕಳು ಬದುಕಿ ಬಂದುದು ಅವನ ಪುಣ್ಯವೇ? ಗಾಳಿಯ ದಾಕ್ಷಿಣ್ಯ. ಅವನು ಇಪ್ಪತ್ತು ಮನೆಗಳಿಗೆ ಸಾಲಗಾರನಾಗಿದ್ದಾನೆ. ಸಾಲ ಕೇಳುವವನು ಆ ದಿನ ಬರಲಿಲ್ಲ, ಅಷ್ಟೆ. ಇನ್ನೂ ಅಪಾಯವೆಂದರೆ, ಆ ಹಾರವು ಅವನಿಗೆ ಮುಂದಿನ ವರ್ಷವೂ ಹಾಗೆಯೇ ಹೋಗೆಂದು ಹೇಳಿಕೊಡುತ್ತದೆ. ಇನ್ನೊಬ್ಬನು ತಿಳಿದುದನ್ನೆಲ್ಲ ಮಾಡಿ, ಮಾಡತಕ್ಕ ಎಚ್ಚರವನ್ನೆಲ್ಲ ವಹಿಸಿ, ಆದರೂ ಒಂದು ಮಗುವನ್ನು ಕಳೆದುಕೊಂಡನೆನ್ನೋಣ. ಅವನ ದುಃಖಕ್ಕೆ ಪಾರವಿಲ್ಲ. ಆ ಮನೆಯವರ ದುಃಖವನ್ನು ಅವನ ಸಿದ್ಧತೆ ಒಂದು ಎಳ್ಳಿನಷ್ಟೂ ಕಡಮೆ ಮಾಡಲಾರದು. ಆದರೂ ಅವನು ಆ ಮನೆಯ ಬಾಗಿಲಿಗೆ ಹೋಗಿ ನಿಲ್ಲಬಲ್ಲನು. ಕೇಳಿದ ಪ್ರಶ್ನೆಗೆಲ್ಲ ಕಣ್ಣಿಗೆ ಕಣ್ಣಿಟ್ಟು ಉತ್ತರ ಹೇಳಬಲ್ಲನು. ಸಿದ್ಧತೆಯು ಕ್ಷೇಮಕ್ಕೆ ಜಾಮೀನಲ್ಲ. ಇತರರ ಮಕ್ಕಳನ್ನು ಕರೆದುಕೊಂಡು ಹೋಗುವ ಅಧಿಕಾರಕ್ಕೆ ತೆರಬೇಕಾದ ಬೆಲೆ ಅದು. ಮೊದಲು ಕೇಳಿದ ಪ್ರಶ್ನೆಗೆ ನನಗೆ ತೋರಿದ ಉತ್ತರ ಇಷ್ಟೆ: ಆ ಅಧಿಕಾರವು ಪದವಿಯಿಂದ ಬರುವುದಿಲ್ಲ, ಉತ್ಸಾಹದಿಂದ ಬರುವುದಿಲ್ಲ, ಸಹಿಯಿಂದ ಬರುವುದಿಲ್ಲ, ಆ ಬಾಗಿಲಿನಲ್ಲಿ ನಿಂತು ಉತ್ತರ ಹೇಳಬಲ್ಲೆನೆಂಬ ಯೋಗ್ಯತೆಯಿಂದ ಬರುತ್ತದೆ. ಆ ಯೋಗ್ಯತೆ ಎಲ್ಲಿಗೆ ಮುಗಿಯುತ್ತದೆಯೋ ಅಲ್ಲಿಗೆ ಅಧಿಕಾರದ ಎಲ್ಲೆಯೂ ಮುಗಿಯಿತು.

ಹಿಮಾಲಯದ ಹಿಮದಲ್ಲಿ ನಡೆದ ಯಾತ್ರೆಯೊಂದು ನಮ್ಮೆಲ್ಲರಿಗೂ ಬಾಲ್ಯದಿಂದ ಪರಿಚಿತವಾದದ್ದು. ಮಹಾಪ್ರಸ್ಥಾನದಲ್ಲಿ ದ್ರೌಪದಿ ಬಿದ್ದಳು. ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬಿದ್ದರು. ಧರ್ಮರಾಯನು ಹಿಂತಿರುಗಿ ನೋಡದೆ ನಡೆದನು. ಅದು ಲೋಕವನ್ನು ತೊರೆದವನ ಯಾತ್ರೆ. ಬಿದ್ದವರೂ ಹಿಂತಿರುಗಬೇಕೆಂದು ಹೊರಟವರಲ್ಲ. ಎಳೆಯರನ್ನು ಕರೆದೊಯ್ಯುವವನ ಯಾತ್ರೆ ಇದಕ್ಕೆ ನೇರವಾಗಿ ವಿರುದ್ಧವಾದದ್ದು. ಅವನು ಹೆಜ್ಜೆಹೆಜ್ಜೆಗೂ ಹಿಂತಿರುಗಿ ನೋಡಬೇಕು. ಅತ್ಯಂತ ಹಿಂದೆ ಬರುತ್ತಿರುವವನ ನಡಿಗೆಯೇ ಗುಂಪಿನ ನಡಿಗೆಯಾಗಬೇಕು. ಶಿಖರವು ಕೈಗೆಟುಕುವಂತಿದ್ದರೂ ಒಬ್ಬನು ಕುಸಿದರೆ ಎಲ್ಲರೂ ಇಳಿಯಬೇಕು. ಆದರೆ ಆ ಕಥೆಯಲ್ಲಿಯೇ ಅವನಿಗೊಂದು ಆದರ್ಶವೂ ಇದೆ. ಸ್ವರ್ಗದ ರಥವು ಎದುರಿಗೆ ಬಂದು ನಿಂತಾಗ, ತನ್ನನ್ನು ನಂಬಿ ಹಿಂದೆ ಬಂದ ನಾಯಿಯನ್ನು ಬಿಟ್ಟು ಹತ್ತಲಾರೆನೆಂದನಲ್ಲ, ಆ ಧರ್ಮರಾಯನನ್ನು ಅವನು ನೆನೆಯಬೇಕು. ನಂಬಿ ಬಂದವರನ್ನು ಬಿಟ್ಟು ಯಾವ ಶಿಖರವೂ ಇಲ್ಲ. ಹಿಮದಲ್ಲಿ ರಾತ್ರಿ ಕಳೆಯಬೇಕೆಂಬ ತರುಣರಿಗೆ ಇಂತಹ ಹಿರಿಯರು ದೊರೆಯುವುದಾದರೆ, ತಂದೆತಾಯಿಗಳು ಎರಡು ಕಂಬಳಿಯನ್ನು ಹೆಚ್ಚಾಗಿಯೇ ಕಟ್ಟಿಕೊಟ್ಟು, ಧೈರ್ಯವಾಗಿ ಕಳುಹಿಸಬಹುದು.